ಗಂಧವೋ, ಲಾವಂಚವೋ, ಹಿನಾವೋ: ಕೈಗೆ ಹಚ್ಚಿ ನೋಡಿದ ಅತ್ತರುಗಳು

ಕಳೆದ ಮಾರ್ಚ್‌ನಿಂದ ಈ ಜನವರಿಯವರೆಗೆ ನನ್ನ ಎಡಗೈ ನೋಡಿದವರಿಗೆಲ್ಲ ಒಂದು ಅನುಮಾನ. ಮಣಿಕಟ್ಟಿನ ಹತ್ತಿರ ಒಂದು, ಮುಂಗೈ ನಡುವೆ ಒಂದು, ಮೊಣಕೈ ಮಡಿಕೆಯಲ್ಲಿ ಇನ್ನೊಂದು, ಹೀಗೆ ಬಾಲ್‌ಪೆನ್ನಿನಲ್ಲಿ ಬರೆದ ಮೂರು ಸುತ್ತು. ಪಕ್ಕದಲ್ಲಿ 8.10, 8.12, 8.15 ಎಂದು ಹಚ್ಚಿದ ಹೊತ್ತು. ಬಸ್ಸಿನಲ್ಲಿ ಪಕ್ಕ ಕೂತ ಅಜ್ಜಿಯೊಬ್ಬರು 'ಇಂಜೆಕ್ಷನ್ ಟೆಸ್ಟ್ ಮಾಡಿದಾರಾ ಮಗಾ?' ಅಂತ ಕೇಳಿಯೂಬಿಟ್ಟರು. ಕೈ ಮುಂದೆ ಚಾಚಿದೆ. ಮೂಸಿ ನೋಡಿ 'ಓ, ಅತ್ತರು! ನಮ್ಮ ಮಾವನೋರು ಕಿವಿಗೆ ಹತ್ತಿ ಇಟ್ಕೋತಿದ್ರು' ಅಂದರು. ಆಮೇಲೆ ಮೆಜೆಸ್ಟಿಕ್ ಬರೋವರೆಗೂ ಮಾವನವರದೇ ಕಥೆ.

ನನಗೆ ಸ್ಪ್ರೇ ಸೆಂಟು ಆಗಿಬರುವುದಿಲ್ಲ, ಹೊಡೆದ ಮರುಕ್ಷಣ ಸೀನು. ಉತ್ತರಪ್ರದೇಶದಲ್ಲಿ ಅತ್ತರಿಗೇ ಹೆಸರಾದ ಊರು ಕನೌಜ್. ಆ ಕಡೆ ಮದುವೆಗೆ ಹೋಗಿದ್ದ ಗೆಳತಿಯೊಬ್ಬಳು ಅಲ್ಲಿನ ಸಣ್ಣ ತಯಾರಕರಿಂದ ಎರಡೆರಡು ಮಿಲಿಯ ಅತ್ತರು ಶೀಶೆಗಳ ಒಂದು ಡಬ್ಬಿ ತಂದುಕೊಟ್ಟಳು. ಅಲ್ಲಿಂದ ಶುರು. ಆಮೇಲೆ ನಾನೇ ಶಿವಾಜಿನಗರದ ಅಂಗಡಿಗಳಲ್ಲಿ ನಿಂತು, ಆನ್‌ಲೈನಿನಲ್ಲಿ ತರಿಸಿ, ನೆಂಟರಿಂದ ಕಾಡಿ ಪಡೆದು ಹದಿನೆಂಟು ಶೀಶೆ ಕೂಡಿಹಾಕಿದೆ. 'ಯಾವುದು ತಗೊಳ್ಲಿ?' ಎಂದು ಕೇಳುವವರಿಗೆ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಕೊಳ್ಳುವವರು ಎಲ್ಲರೂ ಎಡವುವುದು ಒಂದೇ ಕಡೆ. ಶೀಶೆಯ ಮೇಲಿನ ಹೂವಿನ ಹೆಸರು ನೋಡುತ್ತಾರೆ, ಆ ಹೂವು ಯಾವ ಎಣ್ಣೆಯಲ್ಲಿ ಕೂತಿದೆ ಎಂದು ಕೇಳುವುದಿಲ್ಲ. ಹೂವು ನಿಮ್ಮ ಜೊತೆ ಇರುವುದು ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಮಧ್ಯಾಹ್ನದ ಊಟದ ಹೊತ್ತಿಗೆ ಚರ್ಮದ ಮೇಲೆ ಉಳಿದಿರುವುದು ತಳದ ಎಣ್ಣೆ. ಅದು ಗಂಧದೆಣ್ಣೆಯಾದರೆ ಒಂದು ಕಥೆ, ವಾಸನೆಯಿಲ್ಲದ ಖನಿಜತೈಲ ಪ್ಯಾರಾಫಿನ್ ಆದರೆ ಬೇರೆಯೇ ಕಥೆ.

ಕನೌಜಿನಲ್ಲಿ ಅತ್ತರು ಇಳಿಸುವ ಕ್ರಮ ಗೊತ್ತಿದ್ದರೆ ಇದು ಸುಲಭವಾಗಿ ಅರ್ಥವಾಗುತ್ತದೆ. 'ದೇಗ್' ಅಂದರೆ ತಾಮ್ರದ ದೊಡ್ಡ ಹಂಡೆ. ಅದಕ್ಕೆ ಹೂವು, ನೀರು ತುಂಬಿ, ಬಾಯಿಗೆ ಜೇಡಿಮಣ್ಣು ಮೆತ್ತಿ ಕೆಳಗೆ ಉರಿ ಹಾಕುತ್ತಾರೆ. ಆವಿ ಬಿದಿರಿನ ಕೊಳವೆಯ ಮೂಲಕ ಇಳಿದು 'ಭಪ್ಕಾ' ಎಂಬ ಇನ್ನೊಂದು ತಾಮ್ರದ ಪಾತ್ರೆಗೆ ಹೋಗುತ್ತದೆ. ಭಪ್ಕಾ ಇರುವುದು ತಣ್ಣೀರಿನ ತೊಟ್ಟಿಯಲ್ಲಿ. ಅದರೊಳಗೆ ಮೊದಲೇ ಗಂಧದೆಣ್ಣೆ ಹಾಕಿಟ್ಟಿರುತ್ತಾರೆ, ಆವಿ ತಣಿದಾಗ ಹೂವಿನ ಸಾರವನ್ನು ಆ ಎಣ್ಣೆ ಹೀರಿಕೊಳ್ಳುತ್ತದೆ. ಕೆಳಗೆ ಉಳಿದ ನೀರು ತೆಗೆದು ಹಂಡೆಗೆ ವಾಪಸು, ಮರುದಿನ ಹೊಸ ಹೂವು, ಮತ್ತೆ ಉರಿ. ಎಣ್ಣೆಗೆ ಹೂವಿನ ಸಾರ ಸಾಕೆನ್ನುವಷ್ಟು ತುಂಬುವವರೆಗೆ ಇದೇ ಕೆಲಸ. ಅತ್ತರಿನಲ್ಲಿ ಗಂಧ ಇರುವುದು ಹೀಗೆ, ಪಾಯಸದಲ್ಲಿ ಹಾಲಿದ್ದ ಹಾಗೆ. ಗಂಧದ ಬೆಲೆ ಏರಿದ ಮೇಲೆ ಹಲವರು ಹಾಲು ಬಿಟ್ಟು ನೀರು ಹಾಕಿದರು. ಈಗ ಅಗ್ಗದ ಅತ್ತರುಗಳ ಭಪ್ಕಾದೊಳಗೆ ಕೂತಿರುವುದು ಲಿಕ್ವಿಡ್ ಪ್ಯಾರಾಫಿನ್, ಇಲ್ಲವೇ ಪ್ಲಾಸ್ಟಿಕ್ ಮೆದುಗೊಳಿಸಲು ಬಳಸುವ ಥ್ಯಾಲೇಟ್ ದ್ರಾವಕ. 'ರೂಹ್' ಎಂದು ಬರೆದಿದ್ದರೆ ತಳದ ಎಣ್ಣೆಯೇ ಇಲ್ಲ, ಬರಿಯ ಸಾರ ಎಂದು ಅರ್ಥ. ಬೆಲೆಯೂ ಹಾಗೇ ಇರುತ್ತದೆ.

ಈಗ ಒಂದೊಂದಾಗಿ.

ಗಂಧದಿಂದ ಶುರು ಮಾಡುತ್ತೇನೆ, ಬೇರೆ ದಾರಿಯಿಲ್ಲ. ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಬಂದದ್ದು 1916ರಲ್ಲಿ. ಮೊದಲ ಮಹಾಯುದ್ಧದಿಂದಾಗಿ ಯುರೋಪಿಗೆ ಹೋಗಬೇಕಿದ್ದ ಕೊರಡು ಇಲ್ಲೇ ರಾಶಿಬಿದ್ದಾಗ, ಎಣ್ಣೆಯನ್ನು ನಾವೇ ಯಾಕೆ ತೆಗೆಯಬಾರದು ಎಂದು ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಮಾಡಿದ್ದು. ಈ ಹೆಮ್ಮೆಯೆಲ್ಲ ತಲೆಯಲ್ಲಿ ತುಂಬಿಕೊಂಡು ಅಸಲಿ ಗಂಧದೆಣ್ಣೆ ಹಚ್ಚಿಕೊಂಡರೆ ಮೊದಲು ಆಗುವುದು ನಿರಾಸೆ. ಏನೂ ಘಮ್ಮೆನ್ನುವುದಿಲ್ಲ! ಅಮ್ಮನ ಕೈಗೆ ಹಚ್ಚಿದೆ, 'ಇದೇನೇ, ವಾಸನೇನೇ ಇಲ್ವಲ್ಲ' ಅಂದಳು. ನಮ್ಮ ಮೂಗಿಗೆ ಗಂಧ ಎಂದರೆ ಸೋಪು ಮತ್ತು ಊದುಬತ್ತಿ. ಸೋಪಿನ ಪರಿಮಳದಲ್ಲಿ ಗಂಧದ ಜೊತೆ ಬೇರೆ ಎಣ್ಣೆಗಳೂ ಸೇರಿರುತ್ತವೆ, ಊದುಬತ್ತಿಯ ವಿಷಯ ಬಿಡಿ. ಶುದ್ಧ ಗಂಧದೆಣ್ಣೆಯಲ್ಲಿ ಹೆಚ್ಚಿರುವುದು ಸ್ಯಾಂಟಲಾಲ್ ಎಂಬ ಭಾರದ ಅಣುಗಳು. ಅವು ನಿಧಾನಕ್ಕೆ ಏಳುತ್ತವೆ. ನನ್ನ ಕೈಮೇಲೆ ಇಪ್ಪತ್ತು ನಿಮಿಷವಾದ ಮೇಲೆ ಕಾದ ಹಾಲಿನ ಕೆನೆಯಂಥದ್ದು ಬಂತು. ಎರಡು ಗಂಟೆಗೆ ಸಾಣೆಕಲ್ಲಿನ ಮೇಲೆ ತೇಯ್ದ ಕೊರಡಿನ ನೆನಪು. ಆದರೆ ತೇಯ್ದ ಗಂಧ ತಣ್ಣಗಿರುತ್ತದೆ, ಇದು ಬೆಚ್ಚಗೆ. ಸಂಜೆ ಮೂರೂವರೆಗೆ, ಅಂದರೆ ಏಳು ಗಂಟೆ ದಾಟಿದ ಮೇಲೂ, ಮಣಿಕಟ್ಟು ಮೂಗಿಗೆ ತಾಗಿಸಿದರೆ ಇತ್ತು. ನಡುನಡುವೆ ಹೋಗಿಯೇಬಿಟ್ಟಿತು ಅನ್ನಿಸುತ್ತದೆ. ಹೋಗಿರುವುದಿಲ್ಲ, ನಮ್ಮ ಮೂಗು ಅದಕ್ಕೆ ಒಗ್ಗಿಕೊಂಡಿರುತ್ತದೆ. ಹೊರಗೆ ಓಡಾಡಿ ಬಂದು ಮತ್ತೆ ಮೂಸಿ ನೋಡಿ.

ಗಂಧ ಯಾರಿಗೆ? ತಮಗಾಗಿ ಹಚ್ಚಿಕೊಳ್ಳುವವರಿಗೆ. ಲಿಫ್ಟಿನಲ್ಲಿ ಪಕ್ಕದವರಿಗೂ ಗೊತ್ತಾಗಬೇಕು ಅನ್ನುವವರು ಇದಕ್ಕೆ ದುಡ್ಡು ಹಾಕಬೇಡಿ.

ಮಣ್ಣಿನ ಅತ್ತರು, 'ಮಿಟ್ಟಿ', ಎಲ್ಲರೂ ಮೊದಲು ಕೇಳುವುದು ಇದನ್ನೇ. ಮೊದಲ ಮಳೆಯ ವಾಸನೆ ಶೀಶೆಯಲ್ಲಿ ಸಿಗುತ್ತದೆ ಅಂದರೆ ಯಾರಿಗೆ ಬೇಡ? ಸುಟ್ಟ ಜೇಡಿಮಣ್ಣಿನ ಬಿಲ್ಲೆಗಳನ್ನು ಹಂಡೆಗೆ ಹಾಕಿ ಗಂಧದೆಣ್ಣೆಗೆ ಇಳಿಸುತ್ತಾರೆ. ಆಸ್ಟ್ರೇಲಿಯಾದ ವಿಜ್ಞಾನಿಗಳಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ 1964ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಮಳೆಮಣ್ಣಿನ ವಾಸನೆಗೆ 'ಪೆಟ್ರಿಕೋರ್' ಎಂದು ಹೆಸರಿಟ್ಟ ಪ್ರಬಂಧದಲ್ಲಿ ಉತ್ತರಪ್ರದೇಶದ ಈ ಅತ್ತರಿನ ಪ್ರಸ್ತಾಪವನ್ನೂ ಮಾಡಿದ್ದಾರೆ. ನನ್ನ ಕೈಮೇಲೆ ಅದು ಮಳೆಯಾಗಲಿಲ್ಲ, ಹೂಜಿಯಾಯಿತು. ಹೊಸ ಹೂಜಿಗೆ ಮೊದಲ ಸಲ ನೀರು ತುಂಬಿ, ಹೊರಮೈ ಒದ್ದೆಯಾಗುವಾಗ ಕೆನ್ನೆ ತಾಗಿಸಿದರೆ ಬರುತ್ತದಲ್ಲ, ಅದು. ಥೇಟ್ ಅದು. ನಲವತ್ತು ನಿಮಿಷ ಸ್ವರ್ಗ. ಅಲ್ಲಿಂದ ಮುಂದೆ ತಳದ ದರ್ಬಾರು. ಇಲ್ಲಿಯೇ ನನಗೆ ತಳದ ಪಾಠವಾದದ್ದು. ನನ್ನ ಹತ್ತಿರ ಎರಡು ಮಿಟ್ಟಿ ಇದ್ದವು, ಒಂದು ಗಂಧದ್ದು, ಇನ್ನೊಂದು ಪ್ಯಾರಾಫಿನ್‌ನದ್ದು. ಮೊದಲ ಹತ್ತು ನಿಮಿಷ ಕಣ್ಣು ಮುಚ್ಚಿ ಮೂಸಿದರೆ ಎರಡೂ ಅವಳಿಜವಳಿ. ಒಂದು ಗಂಟೆಗೆ ಮೊದಲನೆಯದು ನೆಂದ ಮರವಾಗಿತ್ತು. ಎರಡನೆಯದರಲ್ಲಿ ಏನೂ ಇರಲಿಲ್ಲ, ತಲೆಗೆ ಹಚ್ಚುವ ಎಣ್ಣೆಯ ಜಿಡ್ಡು ಬಿಟ್ಟು. ಬೆಲೆಯಲ್ಲಿ ವ್ಯತ್ಯಾಸ ಆರು ಪಟ್ಟು. ಅರ್ಧ ದಿನ ಮೈಮೇಲೆ ಇರಲಿ ಎಂದರೆ ದುಬಾರಿಯದೇ ಲಾಭ, ನಲವತ್ತು ನಿಮಿಷದ ಹುಚ್ಚಿಗೆ ಅಗ್ಗದ್ದೇ ಸಾಕು.

ಲಾವಂಚಕ್ಕೆ ಬರೋಣ. ನನ್ನ ಮಟ್ಟಿಗೆ ಈ ಹದಿನೆಂಟರಲ್ಲಿ ಗೆದ್ದದ್ದು ಇದು, ಮುಚ್ಚಿಡುವುದೇನಿದೆ. ಲಾವಂಚ ನಮಗೆ ಹೊಸದಲ್ಲ. ಕುಡಿಯುವ ನೀರಿನ ಮಡಕೆಗೆ ಅಜ್ಜಿ ಒಂದು ಬೇರಿನ ಗಂಟು ಹಾಕುತ್ತಿದ್ದಳು, ಮರದ ಪೆಟ್ಟಿಗೆಯಲ್ಲಿ ಸೀರೆ ನಡುವೆಯೂ ಇಡುತ್ತಿದ್ದಳು. ಕನೌಜಿನ 'ರೂಹ್ ಖಸ್' ಇಳಿಯುವುದು ಉತ್ತರದ ಕಾಡು ಲಾವಂಚದ ಬೇರಿನಿಂದ, ತಾಮ್ರದ ಪಾತ್ರೆಯಲ್ಲಿ. ತಾಮ್ರದ ಸಂಗದಿಂದ ಅದಕ್ಕೆ ಹಸಿರು ಬಣ್ಣ ಬರುತ್ತದೆ, ಪಾಚಿ ಹಿಂಡಿದಂಥ ಹಸಿರು. ಶೀಶೆ ಬಗ್ಗಿಸಿದರೆ ಜೇನಿನ ಹಾಗೆ ತಡೆದು ತಡೆದು ಇಳಿಯುತ್ತದೆ. ಚರ್ಮಕ್ಕೆ ತಾಗಿದ ಕೂಡಲೇ ಕಹಿ. ಹುಲ್ಲಿನ ಬೇರು ಕಿತ್ತಾಗ ಬೆರಳಿಗೆ ಹತ್ತುವ ಮಣ್ಣಿನ ಕಹಿ. ಶೀಶೆ ಮುಚ್ಚಿ ಎತ್ತಿಟ್ಟುಬಿಡೋಣ ಅನ್ನಿಸುತ್ತದೆ. ತಾಳ್ಮೆ ಇರಲಿ. ಅರ್ಧ ಗಂಟೆಗೆ ಕಹಿ ಹಿಂದೆ ಸರಿದು ತಂಪು ಮುಂದೆ ಬರುತ್ತದೆ. ಮೂರು ಗಂಟೆಗೆ ಹಸಿ ಶೇಂಗಾ ಬೀಜದಂಥ ಸಣ್ಣ ಸಿಹಿ. ಏಪ್ರಿಲ್ ತಿಂಗಳಲ್ಲಿ ರಾಯಚೂರಿಗೆ ಹೋದಾಗ ಎರಡು ದಿನ ಇದನ್ನೇ ಹಚ್ಚಿದ್ದೆ. ಬೆವರಿನ ಜೊತೆ ಜಗಳವಾಡದ ಅತ್ತರು ಇದೊಂದೇ. ಬೆವರಿದಷ್ಟೂ ಇನ್ನೂ ಚೆನ್ನಾಗಿ ಅರಳಿತು. ಗಂಡಸು ಹೆಂಗಸು ಭೇದವಿಲ್ಲ, ಆಫೀಸು ಮನೆ ಭೇದವಿಲ್ಲ. ಜಾವಾದ ಲಾವಂಚದೆಣ್ಣೆಯೂ ಪೇಟೆಯಲ್ಲಿ ಸಿಗುತ್ತದೆ, ಬೆಲೆ ಕಡಿಮೆ. ಅದರಲ್ಲಿ ಹೊಗೆಯ ಛಾಯೆ ಜಾಸ್ತಿ, ತಂಪಿಗಿಂತ ಒಲೆಮನೆಯೇ ನೆನಪಾಗುತ್ತದೆ.

ಹಿನಾ ಮತ್ತು ಶಮಾಮಾ ಅಣ್ಣತಮ್ಮಂದಿರು. ಇವು ಒಂದು ಹೂವಿನ ಅತ್ತರಲ್ಲ, ಹತ್ತಾರು ಬೇರು, ತೊಗಟೆ, ಮಸಾಲೆಗಳ ಕಷಾಯ. ಜಟಾಮಾಂಸಿ, ಲವಂಗ, ಏಲಕ್ಕಿ, ಜಾಯಿಕಾಯಿ, ಜೇಕಿನ ಗಡ್ಡೆ, ಜೊತೆಗೆ 'ಚರೀಲಾ'. ಈ ಚರೀಲಾ ಯಾವುದೆಂದು ಹುಡುಕಿದರೆ ನಮ್ಮ ಕಲ್ಲುಹೂವು! ಉತ್ತರ ಕರ್ನಾಟಕದ ಮಸಾಲೆ ಖಾರಕ್ಕೆ ಹುರಿದು ಹಾಕುತ್ತಾರಲ್ಲ, ಅದೇ. ಹಾಗಾಗಿ ನಾನು ಮೊದಲ ಸಲ ಹಿನಾ ಹಚ್ಚಿಕೊಂಡ ದಿನ ಧಾರವಾಡದ ಸಹೋದ್ಯೋಗಿ 'ಏನ್ರೀ, ಡಬ್ಬ್ಯಾಗ ಬದನಿಕಾಯಿ ಎಣ್ಣಿಗಾಯಿ ಐತೇನು?' ಎಂದು ಕೇಳಿದ್ದರಲ್ಲಿ ತಪ್ಪಿಲ್ಲ. ಮೊದಲ ಗಂಟೆ ಹಿನಾ ನಿಜಕ್ಕೂ ಅಡುಗೆಮನೆ. ನಾಲ್ಕನೇ ಗಂಟೆಗೆ ಅದು ಹಳೆಯ ಗುಡಿಯ ಒಳಪ್ರಾಕಾರ: ಎಣ್ಣೆ, ಕಲ್ಲು, ಒಣಗಿದ ಹೂವು. ಮರುದಿನ ಬೆಳಿಗ್ಗೆ ದಿಂಬಿನ ಮೇಲೂ ಇತ್ತು. ಕನ್ನಡಿಗರ ಮೂಗು ಮೊದಲ ಗಂಟೆ ದಾಟುವುದು ಕಷ್ಟ, ದಾಟಿದರೆ ಬಿಡುವುದೂ ಕಷ್ಟ. ಡಿಸೆಂಬರ್‌ನ ಮದುವೆಗೆ ಇದಕ್ಕಿಂತ ಬೇರೆ ಬೇಡ. ಆದರೆ ಬಣ್ಣ ಕಡುಕಂದು, ಹುಷಾರು. ಅಕ್ಕನ ಮದುವೆ ಆರತಕ್ಷತೆಗೆ ಹೊರಟಾಗ ಕಿವಿಯ ಹಿಂದೆ ಹಚ್ಚಿ, ಅದೇ ಬೆರಳಿನಲ್ಲಿ ಸೆರಗು ಸರಿಮಾಡಿಕೊಂಡೆ. ತಿಳಿಹಳದಿ ಮೈಸೂರು ಸಿಲ್ಕಿನ ಮೇಲೆ ಎಳ್ಳಿನಷ್ಟು ಕಲೆ. ಡ್ರೈಕ್ಲೀನಿಂಗಿಗೆ ಕೊಟ್ಟೆ, ಕಲೆ ಹಾಗೇ ಬಂತು, ಘಮವೂ ಹಾಗೇ ಬಂತು. ಅತ್ತರು ಹಚ್ಚಿಕೊಂಡು ಒಣಗಲು ಐದು ನಿಮಿಷ ಬಿಟ್ಟು ಆಮೇಲೆ ಸೀರೆ ಉಡಿ.

ಕೇದಿಗೆ, ಅಂದರೆ ಕೇವ್ಡಾ, ಒಡಿಶಾದ ಗಂಜಾಂ ಜಿಲ್ಲೆಯದು. ಮೊಗ್ಗಿನ ಜಡೆಗೆ ಕೇದಿಗೆ ಗರಿ ಮುಡಿದು ಫೋಟೋ ತೆಗೆಸಿಕೊಂಡವರಿಗೆ ಇದರ ಪರಿಚಯ ಬೇಕಿಲ್ಲ. ಆದರೆ ತಲೆಯಲ್ಲಿ ಮುಡಿದ ಕೇದಿಗೆ ಬೇರೆ, ಮಣಿಕಟ್ಟಿನ ಕೇದಿಗೆ ಬೇರೆ. ಒಂದು ಹನಿ ಹಚ್ಚಿ ಆಫೀಸಿಗೆ ಹೋದೆ, ಐದು ನಿಮಿಷಕ್ಕೆ ಮೀಟಿಂಗ್ ರೂಮು ಪೂರ್ತಿ ಕೇವ್ಡಾ ನೀರು ಹಾಕಿದ ಬಿರಿಯಾನಿ. ನನಗೆ ತಲೆನೋವು, ಎದುರಿನವರಿಗೆ ಹಸಿವು. ಕಡ್ಡಿಯ ತುದಿ ಅದ್ದಿ, ಒರೆಸಿ, ಉಳಿದದ್ದನ್ನು ಹಚ್ಚಿ. ಅಷ್ಟೇ ಹೆಚ್ಚು.

ಗುಲಾಬಿ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಒಂದು ಕೆಜಿ ಅಸಲಿ ಗುಲಾಬಿ ಸಾರಕ್ಕೆ ಮೂರರಿಂದ ಐದು ಟನ್ ಪಕಳೆ ಬೇಕು. ಇಷ್ಟಾದರೂ ಗುಲಾಬಿಯ ಒಂದು ಮುಖ್ಯ ಪರಿಮಳದ್ರವ್ಯ ನೀರಿನಲ್ಲಿ ಕರಗಿ ಪನ್ನೀರಿಗೆ ಹೋಗಿಬಿಡುತ್ತದೆ. ಆದ್ದರಿಂದ ರೂಹ್ ಗುಲಾಬಿಗಿಂತ ಒಳ್ಳೆಯ ಪನ್ನೀರೇ ಹೂವಿಗೆ ಹತ್ತಿರ. ಪನ್ನೀರು ಕೊಳ್ಳಿ, ದುಡ್ಡು ಉಳಿಸಿ.

ಊದ್, ನಮ್ಮ ಭಾಷೆಯ ಅಗರು, ಬೂಷ್ಟು ಹತ್ತಿದ ಮರ ತನ್ನನ್ನು ಕಾಪಾಡಿಕೊಳ್ಳಲು ಸುರಿಸಿದ ಅಂಟಿನಿಂದ ಬರುವಂಥದ್ದು. ಅಸ್ಸಾಂನ ಹೋಜಾಯಿ ಇದರ ದೊಡ್ಡ ಪೇಟೆ. ನಮ್ಮ ಮಲೆನಾಡಿನಲ್ಲೂ ಅಡಿಕೆ ತೋಟದ ನಡುವೆ ಅಗರು ನೆಟ್ಟು ಕಾಯುತ್ತಿರುವವರಿದ್ದಾರೆ. ಹಳೆಯ ಪದ್ಧತಿಯಲ್ಲಿ ಚಕ್ಕೆಯನ್ನು ವಾರಗಟ್ಟಲೆ ನೀರಲ್ಲಿ ಕೊಳೆಸಿ ಇಳಿಸುವುದರಿಂದ ಮೊದಲ ವಾಸನೆ ಕೊಟ್ಟಿಗೆಯದ್ದೇ. ಹಾಗೆಂದು ಬೈದು ಹೇಳುತ್ತಿಲ್ಲ, ನಾನು ಕೊಟ್ಟಿಗೆಯಿದ್ದ ಮನೆಯಲ್ಲೇ ಬೆಳೆದವಳು. ಗಂಜಲ, ಒದ್ದೆ ಹುಲ್ಲು, ಎಮ್ಮೆಯ ಬೆನ್ನು. ನನ್ನ ಗಂಡ ಬಾಗಿಲು ತೆಗೆದು ಹೊರಗೆ ಹೋದ, ನಾನು ಇಡೀ ಸಂಜೆ ಮೂಸುತ್ತ ಕೂತೆ. ಐದು ಗಂಟೆಗೆ ಕೊಟ್ಟಿಗೆ ಹೋಗಿ ಬೆಲ್ಲದ ಪಾಕ ಬಂತು. ಆದರೂ ಮೊದಲ ಅತ್ತರಾಗಿ ಇದನ್ನು ಕೊಳ್ಳಬೇಡಿ. ಕಾಲು ಮಿಲಿ ಸ್ಯಾಂಪಲ್ ಸಾಕು.

ಅತ್ತರಿನವರು ಇವನ್ನೆಲ್ಲ ಉಷ್ಣ, ತಂಪು ಎಂದು ಎರಡು ಗುಂಪು ಮಾಡುತ್ತಾರೆ. ನಾವು ಪಪ್ಪಾಯಿ ಉಷ್ಣ, ಎಳನೀರು ತಂಪು ಅನ್ನುವ ಹಾಗೇ. ಹಿನಾ, ಶಮಾಮಾ, ಊದ್, ಕೇಸರಿ ಚಳಿಗಾಲಕ್ಕೆ. ಲಾವಂಚ, ಮಿಟ್ಟಿ, ಗುಲಾಬಿ, ಕೇದಿಗೆ ಬೇಸಿಗೆಗೆ. ಗಂಧ ಎರಡಕ್ಕೂ ಸಲ್ಲುತ್ತದೆ. ಈ ಲೆಕ್ಕವನ್ನು ನಾನು ಮೊದಲು ನಂಬಿರಲಿಲ್ಲ. ಮೇ ತಿಂಗಳಲ್ಲಿ ಮಂಗಳೂರಿನ ಅತ್ತೆಮನೆಗೆ ಶಮಾಮಾ ಹಚ್ಚಿ ಹೋಗಿ, ಆ ಸೆಖೆಯಲ್ಲಿ ನನ್ನ ಮೈಯಿಂದ ನಾನೇ ದೂರ ಓಡಬೇಕಾಯಿತು. ಅದೇ ಶೀಶೆ ಜನವರಿಯ ಬೆಂಗಳೂರಿನಲ್ಲಿ ಶಾಲು ಹೊದೆಸಿದ ಹಾಗಿತ್ತು. ಎಣ್ಣೆ ಕಾದಷ್ಟೂ ಹೆಚ್ಚು ಆವಿಯಾಗುತ್ತದೆ, ಅಷ್ಟೇ ವಿಷಯ. ಕರಾವಳಿಯವರು ಭಾರದ ಅತ್ತರುಗಳನ್ನು ಅರ್ಧ ಹನಿಗೆ ಇಳಿಸಿ. ಬಯಲುಸೀಮೆಯ ಒಣ ಹವೆಯವರು ಮೊದಲು ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿಕೊಂಡು ಮೇಲೆ ಅತ್ತರು ಹಚ್ಚಿ. ಒಣ ಚರ್ಮದ ಮೇಲೆ ಅದು ಬೇಗ ಆರಿಹೋಗುತ್ತದೆ. ನನ್ನದು ಒಣ ಚರ್ಮ, ಹಾಗಾಗಿ ಮೇಲೆ ಹೇಳಿದ ಗಂಟೆಗಳನ್ನು ಎಣ್ಣೆಚರ್ಮದವರು ಇನ್ನೊಂದಿಷ್ಟು ಉದ್ದ ಮಾಡಿಕೊಳ್ಳಬಹುದು.

ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು: ಮೂರು ಸಣ್ಣ ಶೀಶೆ ತಗೊಳ್ಳಿ, ಗಂಧ, ಲಾವಂಚ, ಹಿನಾ. ತೊಲದ ಶೀಶೆ ಮುಟ್ಟಬೇಡಿ. ತೊಲ ಅಂದರೆ 11.66 ಗ್ರಾಂ, ದಿನಕ್ಕೊಂದು ಹನಿಯಂತೆ ಹಚ್ಚಿದರೆ ವರ್ಷ ಬರುತ್ತದೆ, ಇಷ್ಟವಾಗದಿದ್ದರೆ ವರ್ಷವೆಲ್ಲ ಕಾಡುತ್ತದೆ. ಒಂದೇ ದಿನ ಮೂರಕ್ಕಿಂತ ಹೆಚ್ಚು ನೋಡಬೇಡಿ, ನಾಲ್ಕನೆಯದಕ್ಕೆ ಮೂಗು ರಜೆ ಹಾಕಿರುತ್ತದೆ. ಅಂಗಡಿಯವನು ಕಾಗದದ ಪಟ್ಟಿಗೆ ಹಚ್ಚಿ ಕೊಟ್ಟರೆ ತಗೊಂಡು ಜೇಬಿಗಿಡಿ, ನಿರ್ಧಾರ ಮಾತ್ರ ಕೈಮೇಲೆ. ಕಾಗದಕ್ಕೆ ಬಿಸಿಯಿಲ್ಲ, ಬೆವರಿಲ್ಲ. ಮತ್ತೆ ಎರಡೂ ಮಣಿಕಟ್ಟು ಸೇರಿಸಿ ಉಜ್ಜುವ ಅಭ್ಯಾಸ ಬಿಡಿ. ಉಜ್ಜಿದ ಬಿಸಿಗೆ ಮೊದಲ ಘಮ ಬೇಗ ಹಾರಿಹೋಗಬಹುದು. ಬೇಗ ತುರಿಸುವ ಚರ್ಮವಿದ್ದರೆ ಲವಂಗ, ದಾಲ್ಚಿನ್ನಿ ಇರುವ ಹಿನಾದಂಥವನ್ನು ಮೊದಲು ಮೊಣಕೈ ಮಡಿಕೆಗೆ ಹಚ್ಚಿ ಒಂದು ದಿನ ಕಾಯಿರಿ.

ಮೋಸದ ಮಾತು. ಒಂದು ಆನ್‌ಲೈನ್ ಅಂಗಡಿಯಿಂದ 'ಶುದ್ಧ ಮೈಸೂರು ಗಂಧದ ಅತ್ತರು, 10 ಮಿಲಿ, 199 ರೂಪಾಯಿ' ತರಿಸಿದೆ. ತೆಗೆದ ಕೂಡಲೇ ಘಮ್ಮೆಂದಿತು, ಅಮ್ಮ 'ಇದು ನೋಡು ಗಂಧ ಅಂದ್ರೆ!' ಅಂದಳು. ನನಗೆ ಆಗಲೇ ಸಂಶಯ. ಎರಡು ಗಂಟೆಗೆ ಹೊಸ ಬಕೆಟಿನ ವಾಸನೆ. ಅಂಗಡಿಗೆ ಬರೆದೆ, 'ನಿಮ್ಮ ಚರ್ಮದ ಗುಣ ಮೇಡಂ' ಎಂದು ಉತ್ತರ. ಲೆಕ್ಕ ನೀವೇ ಹಾಕಿ. ಅಸಲಿ ಗಂಧದೆಣ್ಣೆ ಕೆಜಿಗೆ ಒಂದು ಲಕ್ಷ ಎಂದೇ ಇಟ್ಟುಕೊಳ್ಳೋಣ, ಇವತ್ತಿನ ದರ ಅದಕ್ಕಿಂತ ಮೇಲೆಯೇ ಇದೆ. ಆಗಲೂ ತೊಲಕ್ಕೆ 1,166 ರೂಪಾಯಿ, ಶೀಶೆ ಮತ್ತು ಲಾಭ ಬಿಟ್ಟು. 199ಕ್ಕೆ ಗಂಧ ಬರುವುದು ಶೀಶೆಯ ಮೇಲಿನ ಚಿತ್ರದಲ್ಲಿ ಮಾತ್ರ. ಇದರರ್ಥ ಅಗ್ಗದ್ದೆಲ್ಲ ಕೆಟ್ಟದ್ದು ಎಂದಲ್ಲ. 'ಸಿಂಥೆಟಿಕ್ ಗಂಧ' ಎಂದು ನೇರವಾಗಿ ಬರೆದು 200ಕ್ಕೆ ಮಾರುವವರದನ್ನು ನಾನು ಸಂತೋಷದಿಂದ ಕರವಸ್ತ್ರಕ್ಕೆ ಹಚ್ಚುತ್ತೇನೆ. ಅಂಗಡಿಯಲ್ಲಿ 'ಶುದ್ಧವಾ?' ಎಂದು ಕೇಳಬೇಡಿ, ಎಲ್ಲರೂ ಹೌದೆನ್ನುತ್ತಾರೆ. 'ತಳ ಯಾವುದು?' ಎಂದು ಕೇಳಿ. ತಡವರಿಸದೆ ಉತ್ತರ ಕೊಟ್ಟವರ ಹತ್ತಿರ ಕೊಳ್ಳಿ, ಉತ್ತರ ಪ್ಯಾರಾಫಿನ್ ಎಂದೇ ಆದರೂ.

ಮಲ್ಲಿಗೆ ಎಲ್ಲಿ ಎಂದು ಕೇಳುವಿರಿ. ನಾಲ್ಕು ಮಲ್ಲಿಗೆ ಅತ್ತರು ನೋಡಿದೆ. ಮಲ್ಲಿಗೆಯಲ್ಲಿ ಇಂಡೋಲ್ ಎಂಬ ಒಂದು ವಸ್ತುವಿದೆ, ಹೂವಿನಲ್ಲಿ ಅದು ಮಾದಕ, ಗಟ್ಟಿಯಾದರೆ ನುಸಿಗುಳಿಗೆ. ನನ್ನ ಕೈಮೇಲೆ ಎರಡು ನುಸಿಗುಳಿಗೆಯಾದವು, ಒಂದು ಟಾಲ್ಕಂ ಪೌಡರ್, ಇನ್ನೊಂದು ಕಷ್ಟಪಟ್ಟು ಹತ್ತು ನಿಮಿಷ ಮಲ್ಲಿಗೆಯಾಗಿತ್ತು. ಇತ್ತ ಮೈಸೂರು, ಹಡಗಲಿ, ಅತ್ತ ಚೆಂಡು, ಅಟ್ಟೆ ಲೆಕ್ಕದಲ್ಲಿ ಹೂವು ಮಾರುವ ಉಡುಪಿ ಕಡೆಯ ಶಂಕರಪುರ. ಮೂರು ಜಾತಿ ಮಲ್ಲಿಗೆ ಬೆಳೆಯುವ ನಾಡಿನಲ್ಲಿ ಕೂತು ಶೀಶೆಯೊಳಗಿನದನ್ನು ಯಾಕೆ ಹುಡುಕಬೇಕು? ಮಲ್ಲಿಗೆ ಬೇಕಾದ ದಿನ ನಾನು ಮಣಿಕಟ್ಟಿಗೆ ಒಂದು ಹನಿ ಗಂಧ ಹಚ್ಚಿ, ಸಿಗ್ನಲ್ ಪಕ್ಕದ ಬುಟ್ಟಿಯಿಂದ ಒಂದು ಮೊಳ ಕೊಂಡು ಮುಡಿಯುತ್ತೇನೆ. ಅಲ್ಲಿ ಚೌಕಾಸಿ ಮಾಡುವುದಿಲ್ಲ.